ಅನ್ನಕ್ಕೆ ಹೆಸರಿಡುವುದು

ಹಾಸನ ಸೀಮೆಯ ಮನೆಗಳಲ್ಲಿ ಮಕ್ಕಳು ತಟ್ಟೆಯ ಮುಂದೆ ಮುಖ ಸಿಂಡರಿಸಿದರೆ ಅಜ್ಜಿಯ ಬಾಯಿಂದ ಬರುವುದು ಒಂದೇ ಮಾತು: ‘ಅನ್ನಕ್ಕೆ ಹೆಸರಿಡಬಾರದು.’ ಸಾರು ಸಪ್ಪೆ, ಮುದ್ದೆ ಗಂಟುಗಂಟು, ಪಲ್ಯ ಸೀದು ಹೋಗಿದೆ ಅನ್ನುವುದೆಲ್ಲ ಹೆಸರಿಡುವುದೇ. ಬೇಕಾದರೆ ಉಪ್ಪಿನ ಬಟ್ಟಲು ಹತ್ತಿರಕ್ಕೆ ಎಳೆದುಕೊಳ್ಳಬೇಕು, ಇಲ್ಲವೇ ಸುಮ್ಮನೆ ಉಂಡು ಏಳಬೇಕು.

ಆ ಅಜ್ಜಿಯನ್ನು ಮಗ, ಸೊಸೆ, ಮೊಮ್ಮಕ್ಕಳು ಬೇಸಿಗೆ ರಜೆಯಲ್ಲಿ ಬೆಂಗಳೂರಿನಾಚೆಯ ಯಾವುದೋ ಮನರಂಜನಾ ಪಾರ್ಕಿನ ರೆಸಾರ್ಟಿಗೆ ಕರೆದೊಯ್ದರು ಅಂದುಕೊಳ್ಳಿ. ಅರಕಲಗೂಡಿನ ಕಡೆಯ ಮನೆ. ನಸುಕಿನಲ್ಲೇ ಹೊರಟು, ಚನ್ನರಾಯಪಟ್ಟಣದಲ್ಲಿ ಕಾಫಿ ಕುಡಿದು, ಬಿಸಿಲೇರುವ ಹೊತ್ತಿಗೆ ಪಾರ್ಕಿನ ಗೇಟಿನಲ್ಲಿ ನಿಂತಿದ್ದಾರೆ. ಕಾವಲಿನವನು ಚೀಲ ಬಿಚ್ಚಿಸುತ್ತಾನೆ. ಚಿತ್ರಾನ್ನದ ಡಬ್ಬಿ, ಕೋಡುಬಳೆ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಲ್ಲವೂ ಕಾರಿಗೆ ವಾಪಸ್ಸು. ಮಧ್ಯಾಹ್ನ ನೀರಾಟ ಮುಗಿಸಿ ಬಫೆಗೆ ಬಂದರೆ ಸಾಲು ಸಾಲು ಸ್ಟೀಲ್ ಪಾತ್ರೆಗಳು. ಮುಚ್ಚಳ ಎತ್ತಿದರೆ ಆರಿ ಉಗುರುಬೆಚ್ಚಗಾದ ನೂಡಲ್ಸ್, ಚರ್ಮದಂತಾದ ರೋಟಿ, ಅಗುಳಗುಳೂ ಒಣಗಿದ ಅನ್ನ, ಮೆತ್ತಗಾದ ಆಲೂಗಡ್ಡೆ ಫ್ರೈ. ಬಿಲ್ಲು ಮಾತ್ರ ಬಿಸಿಯಾಗಿದೆ. ಅಜ್ಜಿ ಎರಡು ತುತ್ತು ಬಾಯಿಗಿಟ್ಟು ತಟ್ಟೆ ಸರಿಸುತ್ತಾರೆ. ‘ಇದೇನ್ ಮಗಾ, ಅನ್ನ ಹಿಂಗೈತೆ? ಈ ದುಡ್ಗೆ ಮನೇಲಿ ಒಂದ್ ತಿಂಗ್ಳು ಉಣ್ಬೋದಿತ್ತಲ್ಲೊ.’

ಇಲ್ಲಿ ಒಂದು ಧರ್ಮಸೂಕ್ಷ್ಮ ಎದುರಾಗುತ್ತದೆ. ಎಪ್ಪತ್ತು ವರ್ಷ ಅನ್ನಕ್ಕೆ ಹೆಸರಿಡದ ಅಜ್ಜಿ ಈಗ ಇಟ್ಟರೇ? ದುಡ್ಡು ಕೊಟ್ಟ ಊಟದ ಬಗ್ಗೆ ಗೊಣಗುವುದು ಅನ್ನನಿಂದೆಯೇ?

ಅಜ್ಜಿಯ ಮಾತಿನ ಮೂಲ ಹುಡುಕುತ್ತ ಹೋದರೆ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಸಿಗುತ್ತದೆ. ಭೃಗು ತನ್ನ ತಂದೆ ವರುಣನ ಬಳಿ ಬ್ರಹ್ಮ ಎಂದರೇನು ಎಂದು ಕೇಳುತ್ತಾನೆ. ತಂದೆ ತಪಸ್ಸಿಗೆ ಕಳಿಸುತ್ತಾನೆ. ಮೊದಲ ಸಲ ಭೃಗು ಕಂಡುಕೊಂಡ ಉತ್ತರ ಅನ್ನ. ಅದು ಸಾಲದೆಂದು ಮತ್ತೆ ಮತ್ತೆ ತಪಸ್ಸು ಮಾಡಿ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದದವರೆಗೆ ಏರುತ್ತಾನೆ. ಸ್ವಾರಸ್ಯವಿರುವುದು ಇದರ ಮುಂದೆ. ಆನಂದ ಮುಟ್ಟಿದ ಮೇಲೆ ಮೊದಲ ಮೆಟ್ಟಿಲನ್ನು ಕಡೆಗಣಿಸಿಬಿಡಬಹುದಿತ್ತು. ಉಪನಿಷತ್ತು ಅಲ್ಲಿಂದ ತಿರುಗಿ ಅನ್ನಕ್ಕೇ ಬರುತ್ತದೆ. ಅನ್ನವನ್ನು ನಿಂದಿಸದಿರುವುದು ಒಂದು ವ್ರತ, ಬಿಸುಡದಿರುವುದು ಇನ್ನೊಂದು, ಹೆಚ್ಚಿಸುವುದು ಮತ್ತೊಂದು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸದಿರುವುದು ಮಗದೊಂದು ಎಂದು ಸಾಲಾಗಿ ಹೇಳುತ್ತದೆ.

ಇವೆಲ್ಲ ಅನ್ನದ ಎದುರು ಕೂತವನಿಗೆ, ಅನ್ನ ಇಟ್ಟುಕೊಂಡವನಿಗೆ ಹೇಳಿದ ವ್ರತಗಳು. ಬಡಿಸುವ ಕೈಗೂ ಅದೇ ಉಪನಿಷತ್ತಿನಲ್ಲಿ ಪಾಠವಿದೆ. ಶಿಷ್ಯ ಗುರುಕುಲ ಬಿಟ್ಟು ಹೊರಡುವಾಗ ಶಿಕ್ಷಾವಲ್ಲಿಯಲ್ಲಿ ಗುರು ಹೇಳುವ ಬುದ್ಧಿಮಾತುಗಳಲ್ಲಿ ಅತಿಥಿಯನ್ನು ದೇವರೆಂದು ಕಾಣುವ ಮಾತು ಬರುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅದನ್ನು ಘೋಷಣೆ ಮಾಡಿಕೊಂಡಿತು, ರೆಸಾರ್ಟುಗಳ ಸ್ವಾಗತಕಟ್ಟೆಯ ಗೋಡೆಗಳಿಗೂ ಅದು ಏರಿತು. ಅದೇ ಉಪದೇಶದಲ್ಲಿ ಮುಂದೆ ಬರುವ ಮಾತುಗಳು ಮಾತ್ರ ಗೋಡೆ ಹತ್ತಲಿಲ್ಲ. ಕೊಡುವುದನ್ನು ಶ್ರದ್ಧೆಯಿಂದ ಕೊಡಬೇಕು, ಶ್ರದ್ಧೆಯಿಲ್ಲದೆ ಕೊಡಲೇಬಾರದು, ಕೊಡುವಾಗ ನಾಚಿಕೆಯಿರಬೇಕು, ಅಳುಕಿರಬೇಕು, ಏನು ಕೊಡುತ್ತಿದ್ದೇನೆ ಎಂಬ ತಿಳಿವಳಿಕೆಯಿರಬೇಕು ಎನ್ನುತ್ತಾನೆ ಗುರು. ಉಣ್ಣುವವನ ವ್ರತ ಮತ್ತು ಬಡಿಸುವವನ ವ್ರತ ಒಂದೇ ಎಲೆಯ ಎರಡು ಸೀಳು. ರೆಸಾರ್ಟಿನಲ್ಲಿ ಅಜ್ಜಿಗೆ ಸಿಕ್ಕಿದ್ದು ಒಂದು ಸೀಳು ಮಾತ್ರ.

ಹಳೆಯ ಶಾಸ್ತ್ರಕಾರರನ್ನು ಕೇಳಿದ್ದರೆ, ತಪ್ಪು ಮಾರಾಟದಲ್ಲೇ ಇದೆ ಎನ್ನುತ್ತಿದ್ದರು. ಕಷ್ಟಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣ ಏನೇನು ಮಾರಬಾರದು ಎಂದು ಮನುಸ್ಮೃತಿಯ 10ನೇ ಅಧ್ಯಾಯ ಪಟ್ಟಿ ಮಾಡುವಾಗ ಎಳ್ಳಿನ ಜೊತೆಗೆ ಬೇಯಿಸಿದ ಅನ್ನವನ್ನೂ ಸೇರಿಸುತ್ತದೆ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಕಲಿಯುಗದ ಲಕ್ಷಣಗಳನ್ನು ಎಣಿಸುವಾಗ ಆಡುವ ಮಾತೊಂದನ್ನು, ಜನ ಅನ್ನ ಮಾರಿ ಬದುಕುವ ಕಾಲ ಬರುತ್ತದೆ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ.

ಹಾಸನದವರಿಗೆ ಕಲಿಯುಗ ಪುಸ್ತಕದ ಮಾತಲ್ಲ. ಅದರ ಗಡಿಯಾರ ಅವರ ಊರಿನ ಗುಡಿಯಲ್ಲೇ ಇದೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆರೆದು, ದೀಪಾವಳಿ ಮುಗಿಯುತ್ತಿದ್ದಂತೆ ಮತ್ತೆ ಒಂದು ವರ್ಷಕ್ಕೆ ಮುಚ್ಚಿಕೊಳ್ಳುತ್ತದೆ. ಆವರಣದಲ್ಲಿ ಸೊಸೆಕಲ್ಲು ಇದೆ. ಅತ್ತೆಯ ಕಾಟ ತಾಳಲಾರದೆ ದೇವಿಯ ಮೊರೆಹೊಕ್ಕ ಸೊಸೆ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಿದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಜನ ನಂಬುತ್ತಾರೆ. ಯುಗದ ಉದ್ದವನ್ನು ಅಕ್ಕಿಕಾಳಿನಿಂದ ಅಳೆದ ಊರು ಇದು. ಬಾಗಿಲು ಮುಚ್ಚುವಾಗ ಒಳಗಿಟ್ಟ ನೈವೇದ್ಯ ಮರುವರ್ಷ ತೆರೆದಾಗಲೂ ಹಳಸಿರುವುದಿಲ್ಲ ಎಂಬುದು ಭಕ್ತರ ಇನ್ನೊಂದು ನಂಬಿಕೆ. ವಿಚಾರವಾದಿಗಳು ಅದನ್ನು ಪ್ರಶ್ನಿಸಿದ್ದಾರೆ, ವಾದ ನಡೆದಿದೆ. ನಂಬುವವರೂ ನಂಬದವರೂ ಮಧ್ಯಾಹ್ನ ಹನ್ನೆರಡಕ್ಕೆ ಮಾಡಿದ ಬಫೆ ಅನ್ನ ಮೂರು ಗಂಟೆಗೆ ಹೇಗಿರುತ್ತದೆ ಎಂಬ ವಿಷಯದಲ್ಲಿ ಮಾತ್ರ ಒಂದೇ ಮತದವರು.

ಆದರೆ ಅನ್ನ ಮಾರುವುದೇ ಪಾಪ ಎನ್ನುವ ವಾದ ಇವತ್ತು ನಿಲ್ಲುವುದಿಲ್ಲ. ಉಡುಪಿಯ ಕಡೆಯಿಂದ ಬಂದು ಹಳೇ ಮೈಸೂರಿನ ಊರೂರಲ್ಲಿ ಹೋಟೆಲಿಟ್ಟವರು ಇಡ್ಲಿ, ದೋಸೆಯ ಜೊತೆಗೆ ಇನ್ನೊಂದನ್ನೂ ತಂದರು. ದುಡ್ಡು ಕೊಟ್ಟವರೆಲ್ಲ ಒಂದೇ ಸೂರಿನಡಿ ಉಣ್ಣುವ ರೂಢಿ, ಮೊದಮೊದಲ ಪಂಕ್ತಿಭೇದಗಳನ್ನು ದಾಟಿ, ಬೆಳೆದದ್ದು ಅಲ್ಲಿಯೇ. ಛತ್ರದಲ್ಲಿ ಜಾತಿ ಕೇಳುತ್ತಿದ್ದರು, ಹೋಟೆಲಿನಲ್ಲಿ ಕಾಸು ಕೇಳಿದರು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. ಅದೂ ಮಾರಾಟವೇ. ಅಲ್ಲಿ ಉಂಡ ಕೂಲಿಕಾರ ತಲೆಯೆತ್ತಿಕೊಂಡು ಉಂಡ, ಯಾರ ಹಂಗೂ ಇಲ್ಲದೆ. ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ 75ರಲ್ಲಿ ಬಸ್ಸು ನಿಂತಾಗ ಇಳಿದು ಬಿಸಿ ತಟ್ಟೆ ಇಡ್ಲಿ ತಿಂದವನಿಗೆ ಕಲಿಯುಗದ ನೆನಪಾಗುವುದಿಲ್ಲ. ಆ ಇಡ್ಲಿ ಸರಿಯಿಲ್ಲದಿದ್ದರೆ ಪಕ್ಕದ ಹೋಟೆಲಿಗೆ ಹೋಗುತ್ತಾನೆ, ಅಷ್ಟೆ.

ಪಾರ್ಕಿನೊಳಗೆ ಪಕ್ಕದ ಹೋಟೆಲು ಇಲ್ಲ. ಗೊಣಗಾಟದ ಮೊದಲ ಬೇರು ಇಲ್ಲಿದೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಸಾಲದ ವಿಚಾರಕ್ಕೆ ಹುಟ್ಟಿದ್ದಿರಬಹುದು, ಮುಂಗಡ ಪ್ಯಾಕೇಜಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಕೋಣೆ, ಆಟ, ಊಟ ಎಲ್ಲಕ್ಕೂ ದುಡ್ಡು ಮೊದಲೇ ಹೋಗಿರುತ್ತದೆ. ಸಾಲದ್ದಕ್ಕೆ ತೆರಿಗೆ. ಸಾಮಾನ್ಯ ಹೋಟೆಲಿನ ಊಟಕ್ಕೆ ಶೇಕಡಾ 5 ಜಿಎಸ್‌ಟಿಯಾದರೆ, ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗಿನ ಊಟಕ್ಕೆ ಶೇಕಡಾ 18. ಹೊರಗಿನ ತಿಂಡಿ ತಡೆಯುವ ಹಕ್ಕಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2023ರ ಜನವರಿ 3ರಂದು, ಜಮ್ಮು-ಕಾಶ್ಮೀರದ ಚಿತ್ರಮಂದಿರಗಳ ಪ್ರಕರಣದಲ್ಲಿ, ಹೊರಗಿನ ತಿಂಡಿ ಬೇಡವೆನ್ನುವ ಅಧಿಕಾರ ಮಾಲೀಕರಿಗಿದೆ, ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಕೂಸಿನ ಆಹಾರ ತಡೆಯಬಾರದು ಎಂದು ಕೋರ್ಟು ಹೇಳಿತು. ಅದು ಚಿತ್ರಮಂದಿರದ ತೀರ್ಪು. ಪಾರ್ಕಿನ ಗೇಟಿನಲ್ಲಿ ಕೋಡುಬಳೆ ಡಬ್ಬಿಯ ಸುತ್ತ ನಡೆಯುವ ವಾದವೂ ಅದೇ ಜಾಡಿನದು.

ಈ ಬಗೆಯ ಪಾರ್ಕುಗಳ ಹಿರಿಯಣ್ಣನ ಕಥೆಯೂ ಇಂಥದ್ದೇ. 1955ರ ಜುಲೈ 17ರಂದು ಅಮೆರಿಕದ ಅನಾಹೈಮಿನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ನಕಲಿ ಆಹ್ವಾನಪತ್ರ ಹಿಡಿದವರೂ ನುಗ್ಗಿ ಸುಮಾರು 28,000 ಜನ ಸೇರಿದರು. ತಿಂಡಿ, ಪಾನೀಯ ನಡುವೆಯೇ ಖಾಲಿಯಾದವು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಮುಗಿಸಲಾಗದೆ, ವಾಲ್ಟ್ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡಿದ್ದರು. ಬಿಸಿಲಲ್ಲಿ ಬಾಯಾರಿದವರು, ತಂಪುಪಾನೀಯ ಮಾರಲೆಂದೇ ನಲ್ಲಿ ನಿಲ್ಲಿಸಿದ್ದಾರೆಂದು ಶಂಕಿಸಿದರು. ಬಂದವರು ಕನಸು ನೋಡಲು ಬಂದಿದ್ದರು, ಹೊಟ್ಟೆಯನ್ನೂ ಜೊತೆಗೆ ತಂದಿದ್ದರು.

ಕನಸನ್ನೂ ತಟ್ಟೆಯನ್ನೂ ಒಂದೇ ಎಂದುಕೊಳ್ಳುವ ಈ ತಪ್ಪಿಗೆ ಹೆಸರು ಹುಡುಕಿದರೆ ಹೊಳೆನರಸೀಪುರದ ನೆನಪು ಬರುತ್ತದೆ. ಹೇಮಾವತಿಯ ದಡದ ಈ ಊರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ವೈ. ಸುಬ್ಬರಾಯರೆಂಬ ಉಪಾಧ್ಯಾಯರು 1920ರಲ್ಲಿ ಹುಟ್ಟುಹಾಕಿದ ಸಂಸ್ಥೆ ಮುಂದೆ ಇಲ್ಲಿ ಬೇರೂರಿತು. 1948ರಲ್ಲಿ ಸನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದ ಅವರು, 1975ರವರೆಗಿನ ತುಂಬು ಬಾಳಿನಲ್ಲಿ ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ತೈತ್ತಿರೀಯವೂ ಅದರಲ್ಲಿ ಸೇರಿದೆ. ಅವರ ವಾದದ ತಿರುಳು ಅಧ್ಯಾಸ. ಒಂದರ ಮೇಲೆ ಇನ್ನೊಂದನ್ನು ತಪ್ಪಾಗಿ ಹೊದಿಸುವುದೇ ಅವಿದ್ಯೆ, ಅದರ ಹಿಂದೆ ಮೂಲಾವಿದ್ಯೆ ಎಂಬ ಬೇರೊಂದು ಬೇರಿಲ್ಲ ಎಂದು 1929ರಷ್ಟು ಹಿಂದೆಯೇ ಬರೆದು ಪಂಡಿತರ ನಡುವೆ ದೊಡ್ಡ ಚರ್ಚೆ ಎಬ್ಬಿಸಿದವರು ಅವರು.

ರೆಸಾರ್ಟಿನ ತಟ್ಟೆಯಲ್ಲಿ ಅಧ್ಯಾಸ ಕಣ್ಣಿಗೇ ಕಾಣುತ್ತದೆ. ಮೆನುವಿನ ಬಣ್ಣದ ಚಿತ್ರವನ್ನು ಹಸಿದವನು ತಟ್ಟೆಯ ಮೇಲೆ ಹೊದಿಸಿರುತ್ತಾನೆ. ಟಿಕೆಟ್ಟಿನಲ್ಲಿ ಮಾರಿದ್ದು ಆನಂದಮಯ ಕೋಶ, ಸೌಟಿನಲ್ಲಿ ಬಿದ್ದದ್ದು ಅನ್ನಮಯ. ಅಡುಗೆಮನೆಯೊಳಗೆ ಹೋದರೆ ಅದ್ವೈತ ಇನ್ನೂ ಸ್ಪಷ್ಟ. ಸಾವಿರಾರು ಜನಕ್ಕೆ ಬೇಯಿಸುವಲ್ಲಿ ಬೆಳಿಗ್ಗೆಯೇ ಈರುಳ್ಳಿ, ಟೊಮೆಟೊ, ಗೋಡಂಬಿ ಅರೆದು ಕುದಿಸಿದ ಒಂದೇ ಗ್ರೇವಿಯಿರುತ್ತದೆ. ಬೆಣ್ಣೆ ಹಾಕಿದರೆ ಬಟರ್ ಮಸಾಲ, ದೊಣ್ಣೆಮೆಣಸಿನಕಾಯಿ ಹಾಕಿದರೆ ಕಡಾಯಿ, ಖಾರ ಸುರಿದರೆ ಕೊಲ್ಹಾಪುರಿ. ನಾಮ ಬೇರೆ, ರೂಪ ಬೇರೆ, ಗ್ರೇವಿ ಒಂದೇ. ಅನ್ನಕ್ಕೆ ಮೊದಲು ಹೆಸರಿಟ್ಟವರು ಯಾರು ಎಂದು ಅಜ್ಜಿ ಕೇಳಿದರೆ, ಮೆನು ಅಚ್ಚು ಹಾಕಿಸಿದವರ ಕಡೆಗೂ ಬೆರಳು ತೋರಿಸಬೇಕಾಗುತ್ತದೆ.

ಅಡುಗೆಯವರದೇ ತಪ್ಪೆಂದು ಹೇಳಿಬಿಡುವುದೂ ನ್ಯಾಯವಲ್ಲ. ಬೇಯಿಸಿಟ್ಟ ಆಹಾರ ಕೆಡದಿರಬೇಕಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖದಲ್ಲಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಶಾಖದಲ್ಲಿ ಮೂರು ತಾಸು ಕೂತ ಅನ್ನ ಒಣಗುತ್ತದೆ, ರೋಟಿ ನಾರಾಗುತ್ತದೆ, ಸೊಪ್ಪಿನ ಬಣ್ಣ ಹೋಗುತ್ತದೆ. ಶಾಖ ಇಳಿಸಿದರೆ ರೋಗದ ಭಯ. ಜನ ಯಾವಾಗ ನುಗ್ಗುತ್ತಾರೋ ತಿಳಿಯದು. ಕೆಟ್ಟ ಊಟಕ್ಕಿಂತ ಕೆಟ್ಟದ್ದು ಹೊಟ್ಟೆ ಕೆಡಿಸುವ ಊಟ ಎಂದು ಲೆಕ್ಕ ಹಾಕಿದ ಮೇಲ್ವಿಚಾರಕ ಬಫೆ ಪಾತ್ರೆಯ ಕೆಳಗೆ ಉರಿ ಉಳಿಸುತ್ತಾನೆ.

ಇಷ್ಟೇ ಕಾರಣವೆಂದಾದರೆ ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಯಾರೂ ತೃಪ್ತರಾಗಬಾರದಿತ್ತು. ಹಾಸನ ಜಿಲ್ಲೆಯವರು ಶಿರಾಡಿ ಘಾಟಿ ಇಳಿದು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವವರೇ. ಅಲ್ಲೂ ಸಾವಿರಾರು ಜನ, ಅಲ್ಲೂ ಆಳೆತ್ತರದ ಪಾತ್ರೆ, ಅಲ್ಲೂ ಸರದಿ. ಅನ್ನ, ಸಾರು, ಹುಳಿ, ಮಜ್ಜಿಗೆ ಎಂದು ಕೈಬೆರಳಲ್ಲಿ ಎಣಿಸಬಹುದಾದ ಪದಾರ್ಥ. ಉಪ್ಪು ಕಡಿಮೆಯಾಯಿತೆಂದು ಅಲ್ಲಿ ಗೊಣಗಿದವರನ್ನು ಹುಡುಕಬೇಕು. ಪುಕ್ಕಟೆಯಾದ್ದರಿಂದ ಸುಮ್ಮನಿರುತ್ತಾರೆ ಎನ್ನುವವರು ಹೊಳೆನರಸೀಪುರದ ಕಡೆಯ ಒಂದು ಬೀಗರೂಟಕ್ಕೆ ಹೋಗಿ ಬರಬೇಕು. ಅದೂ ಪುಕ್ಕಟೆಯೇ. ಆದರೆ ಎಲೆಯಲ್ಲಿ ಎಷ್ಟು ತುಂಡು ಬಿತ್ತು, ಮುದ್ದೆ ಹದವಾಗಿತ್ತೆ, ಬೋಟಿ ಗೊಜ್ಜು ಕೊನೆಯ ಪಂಕ್ತಿಯವರೆಗೆ ಬಂತೆ ಎಂಬುದು ಮೂರು ವರ್ಷವಾದರೂ ಮರೆಯದ ವಿಷಯ. ಬೆಲೆಗೂ ಗೊಣಗಾಟಕ್ಕೂ ಇರುವ ನಂಟು ಅಂದುಕೊಂಡಷ್ಟು ಗಟ್ಟಿಯಲ್ಲ.

ಬೀಗರೂಟದಲ್ಲಿ ಮನೆಯ ಯಜಮಾನ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಪಂಕ್ತಿಯ ಉದ್ದಕ್ಕೂ ನಡೆಯುತ್ತಾನೆ. ‘ಯಾಕಣ್ಣ ಏಳ್ತಿದ್ದೀಯ, ಇನ್ನೊಂದರ್ಧ ಮುದ್ದೆ ಹಾಕಿಸ್ಲಾ?’ ಎನ್ನುತ್ತಾನೆ. ಅವನಿಗೆ ನಾಚಿಕೆಯಿದೆ, ಅಳುಕಿದೆ. ನಾಳೆ ಸಂತೆಯಲ್ಲಿ ಇವರ ಮುಖ ನೋಡಬೇಕು. ಗುರು ಶಿಷ್ಯನಿಗೆ ಹೇಳಿದ ಎರಡು ಗುಣ ಅವನಲ್ಲಿ ಉಪನಿಷತ್ತು ಓದದೆಯೇ ಬಂದಿವೆ. ಇದಕ್ಕೆ ಕನ್ನಡದಲ್ಲಿ ಉಪಚಾರ ಎಂಬ ಶಬ್ದವಿದೆ. ರೆಸಾರ್ಟಿನಿಂದ ಮರಳಿದವರನ್ನು ಕೇಳಿದರೆ, ಊಟ ಸರಿಯಿರಲಿಲ್ಲ ಎಂದು ಶುರುಮಾಡಿ ‘ಕೇಳೋರೇ ಇರ್ಲಿಲ್ಲ’ ಎಂದು ಮುಗಿಸುತ್ತಾರೆ. ದೇವರ ಪೂಜೆಗೆ ಷೋಡಶೋಪಚಾರ. ಆವಾಹನೆ, ಆಸನ, ಪಾದ್ಯ, ಅರ್ಘ್ಯ ಎಂದು ಸಾಗುವ ಹದಿನಾರರಲ್ಲಿ ನೈವೇದ್ಯ ಒಂದೇ ಒಂದು. ಅತಿಥಿಯನ್ನು ದೇವರೆಂದು ಗೋಡೆಯ ಮೇಲೆ ಬರೆಸಿದವರು ಆ ಒಂದನ್ನೇ, ಅದೂ ನೀವೇ ಬಡಿಸಿಕೊಳ್ಳಿ ಎಂದು, ಒಪ್ಪಿಸಿದರೆ ದೇವರು ಮುನಿಯದೆ ಇರುತ್ತಾನೆಯೇ.

ಶ್ರದ್ಧೆಗೂ ಖರ್ಚಿಗೂ ಸಂಬಂಧವೆಷ್ಟು ಎಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಒಂದು ಕಥೆ ಕಲ್ಲಾಗಿ ನಿಂತಿದೆ. ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 57 ಅಡಿಯ ಬಾಹುಬಲಿಯನ್ನು ನಿಲ್ಲಿಸಿ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ತರಿಸಿದ. ಎಷ್ಟು ಸುರಿದರೂ ಹಾಲು ಪಾದ ಮುಟ್ಟಲಿಲ್ಲವಂತೆ. ಕೊನೆಗೆ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ನೆತ್ತಿಯಿಂದ ಪಾದದವರೆಗೆ ಹರಿದು ಮೂರ್ತಿಯನ್ನು ತೋಯಿಸಿತು. ಅವಳೇ ಗುಳ್ಳಕಾಯಜ್ಜಿ. ಕೈಯಲ್ಲಿ ಅದೇ ಕಾಯಿ ಹಿಡಿದು ಇಂದಿಗೂ ಗೊಮ್ಮಟನ ಆವರಣದ ಎದುರು ನಿಂತಿದ್ದಾಳೆ. ಕಥೆಯಲ್ಲಿ ಹಾಲಿಗೆ ಯಾರೂ ಹೆಸರಿಡುವುದಿಲ್ಲ. ಸೋತದ್ದು ಸುರಿದವನ ಹಮ್ಮು.

ಹೀಗೆ ನೋಡಿದರೆ ಅಜ್ಜಿಯ ಗೊಣಗಾಟ ಅನ್ನದ ವಿರುದ್ಧ ಹೂಡಿದ ದಾವೆ ಆಗುವುದಿಲ್ಲ. ಅನ್ನದ ಪರವಾಗಿ ಹೂಡಿದ್ದು. ಒಳ್ಳೆಯ ಅಕ್ಕಿಯನ್ನು ಹೀಗೆ ಮಾಡಿಟ್ಟರಲ್ಲ ಎಂಬ ಸಂಕಟ ಅದು. ಅಕ್ಕಿಗೆ ಬಾಯಿಲ್ಲದ್ದರಿಂದ ಅವರು ಆಡಿದರು.

ಆದರೆ ಆ ಮೇಜಿನಲ್ಲಿ ವ್ರತ ಮುರಿದವರು ಯಾರೂ ಇರಲಿಲ್ಲ ಅಂತಲ್ಲ. ಕೊಟ್ಟ ದುಡ್ಡು ವಸೂಲಾಗಲೆಂದು ಮಗ ಎರಡು ತಟ್ಟೆ ತುಂಬಿಸಿಕೊಂಡು ಬಂದಿದ್ದ. ಮೊಮ್ಮಕ್ಕಳು ಆರು ಬಗೆ ಬಡಿಸಿಕೊಂಡು ಒಂದನ್ನು ತಿಂದರು. ಉಳಿದದ್ದು ತೊಟ್ಟಿಗೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು ಬಿಸಾಡಿದ ಆಹಾರ 105 ಕೋಟಿ ಟನ್ನು. ಅದರಲ್ಲಿ ಸುಮಾರು 29 ಕೋಟಿ ಟನ್ನು ಹೋಟೆಲು, ಕ್ಯಾಂಟೀನುಗಳಂಥ ಕಡೆಯದು. ನಿಂದಿಸುವುದಕ್ಕೂ ಬಿಸುಡುವುದಕ್ಕೂ ಉಪನಿಷತ್ತು ಬೇರೆ ಬೇರೆ ವ್ರತ ಹೇಳಿತ್ತು. ರುಚಿಯಿಲ್ಲವೆಂದು ಬಾಯಲ್ಲಿ ಹೇಳಿದ ಅಜ್ಜಿಯ ತಟ್ಟೆಯಲ್ಲಿ ಉಳಿದದ್ದು ಒಂದು ಹಿಡಿ. ಏನೂ ಮಾತಾಡದ ಮೊಮ್ಮಗನ ತಟ್ಟೆಯಲ್ಲಿ ಉಳಿದದ್ದು ಒಂದು ಹೊಲದ ಬೆಳೆ.

ಹೊಲ ಎಂದದ್ದು ಸುಮ್ಮನೆ ಅಲ್ಲ. ಆ ಮೆತ್ತಗಾದ ಫ್ರೈ ಆಲೂಗಡ್ಡೆಯದು. ಹಾಸನ, ಅರಕಲಗೂಡು ಸೀಮೆಯ ರೈತ ಪಂಜಾಬಿನಿಂದ ಬಂದ ಬಿತ್ತನೆ ಗಡ್ಡೆಯನ್ನು ಎಪಿಎಂಸಿಯಲ್ಲಿ ಸಾಲ ಮಾಡಿ ಕೊಂಡು, ಮುಂಗಾರಿನ ಮೊದಲ ಹದಕ್ಕೆ ನೆಟ್ಟು, ಮೋಡ ಕವಿದ ದಿನಗಳಲ್ಲಿ ಅಂಗಮಾರಿ ಎಲ್ಲಿ ಬೀಳುತ್ತದೋ ಎಂದು ಎಲೆ ತಿರುವಿ ನೋಡುತ್ತ ಕೂರುತ್ತಾನೆ. ಒಮ್ಮೆ ರಾಜ್ಯದಲ್ಲೇ ಹೆಸರಾದ ಈ ಬೆಳೆ ಆ ರೋಗದ ಹೊಡೆತಕ್ಕೇ ಸೊರಗಿತು, ಎಷ್ಟೋ ಹೊಲ ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದವು. ಅಜ್ಜಿ ಅಂಥ ಮನೆಯವರು. ಗಡ್ಡೆಯನ್ನು ಎಣ್ಣೆಯಲ್ಲಿ ಕೆಡಿಸಿದ್ದು ಅವರನ್ನು ನೋಯಿಸಿದ್ದು ಈ ಕಾರಣಕ್ಕೆ, ತೊಟ್ಟಿಗೆ ಸುರಿದದ್ದು ಇನ್ನೂ ಹೆಚ್ಚು ನೋಯಿಸಿದ್ದೂ ಇದಕ್ಕೇ.

ಅನ್ನವನ್ನು ಬೇಡವೆನ್ನುವುದಕ್ಕೂ ಈ ಸೀಮೆಯಲ್ಲಿ ಒಂದು ಮರ್ಯಾದೆಯಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳು ಮೆಟ್ಟಿಲ ಬುಡಕ್ಕೇ ಬರುತ್ತವೆ. ಬೀಗರೂಟದಲ್ಲಿ ತುಂಡು ಎಣಿಸುವವರೇ ಅಲ್ಲಿ ತಿನ್ನುವ ಯೋಚನೆ ಬಿಟ್ಟು ಅವಕ್ಕೆ ಪುರಿ ಎರಚಿ ಕೈಮುಗಿದು ಹೋಗುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಸಲ್ಲೇಖನ ಹಿಡಿದು ಅನ್ನವನ್ನು ಹಂತಹಂತವಾಗಿ ಬಿಟ್ಟು ದೇಹ ತೊರೆದವರ ನೆನಪಿನ ಶಾಸನಗಳು ಬಂಡೆಯ ಮೇಲೆ ಸಾಲಾಗಿವೆ. ಅನ್ನ ಕೆಟ್ಟದ್ದೆಂದು ಅವರು ಬಿಡಲಿಲ್ಲ, ಋಣ ತೀರಿತೆಂದು ಬಿಟ್ಟರು. ಅದೇ ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರವನ್ನೂ ಸೇರಿಸಿದವರು.

ಆ ಊರಿನ ಜೈನ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ನೆಲದಡಿಯ ಗಡ್ಡೆಗಳಿಲ್ಲವಾದ್ದರಿಂದ ಆಲೂಗಡ್ಡೆಯ ಜಿಲ್ಲೆಯಲ್ಲಿ ಆಲೂಗಡ್ಡೆಯಿಲ್ಲದ ಹುಳಿ. ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಗುಳ್ಳಕಾಯಜ್ಜಿಯನ್ನು ನೋಡಿ, ಅಂಗಾಲು ಸುಟ್ಟುಕೊಂಡು ಇಳಿದವರು ಅದನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ಊಟ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಬೆಟ್ಟದ ಮೇಲೆ ಫೋಟೊ ತೆಗೆಯುತ್ತ ಹೊತ್ತು ಮಾಡಿಕೊಂಡವರು ಕತ್ತಲಾದ ಮೇಲೆ ಚನ್ನರಾಯಪಟ್ಟಣದ ದಾರಿ ಹಿಡಿದು, ಹೆದ್ದಾರಿಯ ಬದಿಯ ಯಾವುದೋ ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತರಿಸಿಕೊಂಡು, ಚಟ್ನಿಗೆ ಉಪ್ಪು ಕಮ್ಮಿಯಾಯಿತು ಎಂದು ಮಾಣಿಯನ್ನು ಕರೆಯುತ್ತಾರೆ. ಮಾಣಿ ಬಂದು, ಏನ್ಸಾರ್ ಎಂದು ಕೇಳಿ, ಬಟ್ಟಲು ಬದಲಾಯಿಸಿಕೊಡುತ್ತಾನೆ.